ಹಳೆಯ ತಂತಿ ಅಲಾರಂ ವ್ಯವಸ್ಥೆಯ ಪುನಶ್ಚೇತನ: ಕೊಡಗು ಜಿಲ್ಲೆಯ ಮನೆ ಹಾಗೂ ತೋಟದ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಕೊಡಗು ಜಿಲ್ಲೆಯಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವುದು ಪಟ್ಟಣಗಳಲ್ಲಿ ಮಾತ್ರ. ಗ್ರಾಮಾಂತರ ಭಾಗದಲ್ಲಿ ಹೆಚ್ಚಿನ ಮನೆಗಳು ಕಾಫಿ ತೋಟಗಳ ನಡುವೆ ಇದ್ದು, ಮುಖ್ಯರಸ್ತೆಯಿಂದಲೂ ನೆರೆಮನೆಯಿಂದಲೂ ದೂರದಲ್ಲಿರುತ್ತವೆ. ಮಕ್ಕಳು ಉದ್ಯೋಗ ನಿಮಿತ್ತ ಬೆಂಗಳೂರು, ಮೈಸೂರು ಅಥವಾ ಹೊರದೇಶಗಳಲ್ಲಿ ನೆಲೆಸಿ, ವಯೋವೃದ್ಧರು ಮಾತ್ರ ಉಳಿದಿರುವ ಮನೆಗಳೂ ಅನೇಕ. ಇಂತಹ ಮನೆಗಳಲ್ಲಿ ಹಿಂದೆ ಅಳವಡಿಸಿದ ತಂತಿ ಸಂಪರ್ಕದ ಕಳ್ಳತನ ಎಚ್ಚರಿಕೆ ವ್ಯವಸ್ಥೆ, ಅಂದರೆ ಬರ್ಗ್ಲರ್ ಅಲಾರಂ, ನಿರ್ವಹಣೆಯಿಲ್ಲದೆ ಗೋಡೆಯ ಮೇಲಿನ ಪೆಟ್ಟಿಗೆಯಾಗಿ ಉಳಿದಿರುವುದುಂಟು.

ಇಂತಹ ವ್ಯವಸ್ಥೆಯನ್ನು ಕಿತ್ತುಹಾಕಿ ಹೊಸದನ್ನು ಕೊಳ್ಳುವುದು ಎಲ್ಲ ಸಂದರ್ಭಗಳಲ್ಲಿಯೂ ಅವಶ್ಯಕವಲ್ಲ. ಸಾಮಾನ್ಯವಾಗಿ ಗೋಡೆಯೊಳಗಿನ ತಾಮ್ರದ ತಂತಿ ಹಾಗೂ ಬಾಗಿಲಿನ ಸೆನ್ಸರ್‌ಗಳು ಸುಸ್ಥಿತಿಯಲ್ಲಿಯೇ ಇರುತ್ತವೆ. ಕೆಟ್ಟಿರುವುದು ಬ್ಯಾಟರಿ ಮತ್ತು ಸುದ್ದಿ ಮುಟ್ಟಿಸುವ ಮಾರ್ಗ. ಸೈರನ್ ಎಷ್ಟೇ ಜೋರಾಗಿ ಕೂಗಿದರೂ ಅದನ್ನು ಕೇಳಿ ಬರುವವರಿಲ್ಲದಿದ್ದರೆ ಅದರಿಂದ ಪ್ರಯೋಜನ ಅಲ್ಪ. ಆದುದರಿಂದ ಹಣವನ್ನು ಯಾವುದಕ್ಕೆ ಮೊದಲು ವಿನಿಯೋಗಿಸಬೇಕು ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ಕೊಡಗಿನಲ್ಲಿ ಇದರ ಅಗತ್ಯ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಒಣಗಿದ ಕಾಫಿ, ಅನಂತರ ಕಾಳುಮೆಣಸು ಗೋದಾಮಿನಲ್ಲಿ ದಾಸ್ತಾನಿರುತ್ತದೆ. ವರ್ಷವೊಂದರ ದುಡಿಮೆಯೆಲ್ಲ ಕೆಲವು ವಾರಗಳ ಕಾಲ ಒಂದೇ ಕೋಣೆಯಲ್ಲಿರುವ ಸಮಯವಿದು. ಪುತ್ತರಿಯಂತಹ ಹಬ್ಬಗಳಲ್ಲಿ ಕುಟುಂಬದವರೆಲ್ಲರೂ ಐನ್‌ಮನೆಯಲ್ಲಿ ಸೇರುವುದರಿಂದ ಅವರವರ ಮನೆಗಳು ರಾತ್ರಿ ವೇಳೆ ಖಾಲಿ ಇರುತ್ತವೆ.

ಕೋವಿಯ ವಿಷಯ ಇನ್ನೂ ಗಂಭೀರವಾದುದು. ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಆಯುಧ ಅಧಿನಿಯಮ, 1959ರ ಅನ್ವಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಆದೇಶ ಹೊರಡಿಸಿ 2029ರವರೆಗೆ ವಿಸ್ತರಿಸಿದೆ. ಈ ಕಾರಣದಿಂದ ಜಿಲ್ಲೆಯ ಅನೇಕ ಮನೆಗಳಲ್ಲಿ ಕೋವಿ ಇರುತ್ತದೆ. ಕಳುವಾದ ಆಭರಣದ ನಷ್ಟ ಮಾಲೀಕನಿಗೆ ಸೀಮಿತ. ಕಳುವಾದ ಕೋವಿಯಿಂದ ಅನ್ಯರ ಪ್ರಾಣಕ್ಕೂ ಅಪಾಯ. ಆದುದರಿಂದ ಕೋವಿ ಇರಿಸಿದ ಕೋಣೆಯನ್ನು ಅಲಾರಂ ವ್ಯವಸ್ಥೆಯಲ್ಲಿ ಪ್ರತ್ಯೇಕ ವಲಯವನ್ನಾಗಿ ಮಾಡಿ, ಮನೆಯಲ್ಲಿ ಜನರಿರುವಾಗಲೂ ಜಾಗೃತವಾಗಿಡುವುದು ಸೂಕ್ತ.

3. ತಂತಿ ವ್ಯವಸ್ಥೆ ಕಾರ್ಯನಿರ್ವಹಿಸುವ ಬಗೆ

ಈ ವ್ಯವಸ್ಥೆಯಲ್ಲಿ ಕಂಟ್ರೋಲ್ ಪ್ಯಾನಲ್, ಕೀಪ್ಯಾಡ್, ಸೆನ್ಸರ್‌ಗಳು, ಸೈರನ್ ಹಾಗೂ 12 ವೋಲ್ಟ್ ಬ್ಯಾಟರಿ ಇರುತ್ತವೆ. ಬಾಗಿಲಿನ ಚೌಕಟ್ಟಿಗೆ ರೀಡ್ ಸ್ವಿಚ್, ಬಾಗಿಲಿಗೆ ಅಯಸ್ಕಾಂತ ಜೋಡಿಸಲಾಗಿರುತ್ತದೆ. ಬಾಗಿಲು ಮುಚ್ಚಿದಾಗ ಅಯಸ್ಕಾಂತದ ಸೆಳೆತದಿಂದ ಸ್ವಿಚ್ ಕೂಡಿಕೊಂಡು ತಂತಿಯಲ್ಲಿ ಅಲ್ಪ ಪ್ರಮಾಣದ ವಿದ್ಯುತ್ ಸದಾ ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ, ತಂತಿಯನ್ನು ಕತ್ತರಿಸಿದರೂ ಆ ಹರಿವು ನಿಂತು ಅಲಾರಂ ಕೂಗುತ್ತದೆ. ರೀಡ್ ಸ್ವಿಚ್ ಅನ್ನು 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಲಾಯಿತು. ಗಾಜಿನ ಕೊಳವೆಯೊಳಗೆ ಮುಚ್ಚಲ್ಪಟ್ಟಿರುವುದರಿಂದ ತೇವ ಇದನ್ನು ಸುಲಭವಾಗಿ ತಟ್ಟದು. ಹಳೆಯ ಸೆನ್ಸರ್‌ಗಳು ಇಂದಿಗೂ ಕೆಲಸ ಮಾಡಲು ಇದೇ ಕಾರಣ.

ಕೋಣೆಯೊಳಗಿನ ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್ ಮಾತ್ರ ವಿದ್ಯುನ್ಮಾನ ಉಪಕರಣವಾಗಿದ್ದು, ಇದರ ಆಯುಷ್ಯ ರೀಡ್ ಸ್ವಿಚ್‌ನಷ್ಟು ದೀರ್ಘವಲ್ಲ.

4. ಪರಿಶೀಲನೆಯ ಕ್ರಮ

ಈ ಕಾರ್ಯವನ್ನು ತಿಳಿದ ಎಲೆಕ್ಟ್ರೀಷಿಯನ್‌ನಿಂದಲೇ ಮಾಡಿಸತಕ್ಕದ್ದು. ಮನೆಮಾಲೀಕರು ಎದುರಿಗಿದ್ದು ಈ ಕೆಳಕಂಡ ಹಂತಗಳು ನಡೆದಿವೆಯೇ ಎಂದು ಖಚಿತಪಡಿಸಿಕೊಳ್ಳುವುದು.

(ಅ) ಮೊದಲು 230 ವೋಲ್ಟ್ ಸಂಪರ್ಕವನ್ನು ಮೇನ್ ಸ್ವಿಚ್‌ನಲ್ಲಿ ಕಡಿತಗೊಳಿಸಿ, ಅನಂತರ ಬ್ಯಾಟರಿಯ ತಂತಿ ಬಿಡಿಸಬೇಕು. ಪ್ಯಾನಲ್‌ನೊಳಗಿನ ಪ್ರತಿ ತಂತಿ ಯಾವ ಬಾಗಿಲಿನದೆಂದು ಚೀಟಿ ಅಂಟಿಸಿ, ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು.

(ಆ) ಒಂದೊಂದೇ ವಲಯದ ತಂತಿಯನ್ನು ಪ್ಯಾನಲ್‌ನಿಂದ ಬಿಡಿಸಿ ಮಲ್ಟಿಮೀಟರ್‌ನಿಂದ ಅಳೆಯಬೇಕು. ಉದಾಹರಣೆಗೆ, 50 ಮೀಟರ್ ದೂರದ ಬಾಗಿಲಿಗೆ ಹೋಗಿ ಬರುವ 0.5 ಮಿ.ಮೀ. ತಾಮ್ರದ ತಂತಿಯ ರೋಧ ಸುಮಾರು 9 ಓಮ್. ಬಾಗಿಲು ಮುಚ್ಚಿರುವಾಗ ಮೀಟರ್ ಇದಕ್ಕೆ ಸಮೀಪದ ಸಂಖ್ಯೆಯನ್ನು ಸ್ಥಿರವಾಗಿ ತೋರಿಸಿದರೆ ತಂತಿ ಸುಸ್ಥಿತಿಯಲ್ಲಿದೆ. ನೂರಾರು ಓಮ್ ತೋರಿಸಿದರೆ ಅಥವಾ ಸಂಖ್ಯೆ ಏರಿಳಿಯುತ್ತಿದ್ದರೆ ಎಲ್ಲಿಯೋ ಜೋಡಣೆಗೆ ಕಿಲುಬು ಹಿಡಿದಿದೆ ಎಂದರ್ಥ. ಹೆಂಚಿನ ಮನೆಗಳಲ್ಲಿ ಅಟ್ಟದ ಮೇಲಿನ ಜೋಡಣೆಗಳನ್ನು ಹಾಗೂ ಇಲಿ ಕಡಿದ ಭಾಗಗಳನ್ನು ಮೊದಲು ನೋಡಬೇಕು.

(ಇ) ಕೆಲವು ವ್ಯವಸ್ಥೆಗಳಲ್ಲಿ ತಂತಿಯ ಕೊನೆಯಲ್ಲಿ ರೆಸಿಸ್ಟರ್ ಇರುತ್ತದೆ. ಆಗ ಮೀಟರ್ ಅದರ ಮೌಲ್ಯವನ್ನು ತೋರಿಸುತ್ತದೆ. ಈ ರೆಸಿಸ್ಟರ್ ಸೆನ್ಸರ್ ಇರುವ ಕೊನೆಯಲ್ಲಿಯೇ ಇರಬೇಕು. ಕೆಲಸ ಸುಲಭವಾಗಲೆಂದು ಅದನ್ನು ಪ್ಯಾನಲ್‌ನೊಳಗೆ ಜೋಡಿಸಿದ್ದರೆ, ಎರಡು ತಂತಿಗಳನ್ನು ಕೂಡಿಸಿ ಅಲಾರಂ ವಂಚಿಸುವವನನ್ನು ವ್ಯವಸ್ಥೆಯು ಗುರುತಿಸಲಾರದು.

(ಈ) ಎಲ್ಲ ವಲಯಗಳ ಅಳತೆಗಳನ್ನು ಕಾಗದದಲ್ಲಿ ಬರೆದು ಪ್ಯಾನಲ್ ಪೆಟ್ಟಿಗೆಯೊಳಗೆ ಇಡುವುದು. ಮುಂದಿನ ಬಾರಿ ದೋಷ ಕಂಡುಬಂದಾಗ ಈ ದಾಖಲೆ ಬಹಳ ಸಮಯ ಉಳಿಸುತ್ತದೆ.

(ಉ) ಹಿಂದೆ ಅಳವಡಿಸಿದವರು ಇಟ್ಟಿದ್ದ ಸಂಕೇತ ಸಂಖ್ಯೆಗಳನ್ನೆಲ್ಲ ಬದಲಾಯಿಸುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

5. ಬ್ಯಾಟರಿ: ಮೊದಲ ವೆಚ್ಚ

ಪ್ಯಾನಲ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಸಾಮರ್ಥ್ಯದ ಸೀಲ್ ಮಾಡಿದ ಬ್ಯಾಟರಿ ಇರುತ್ತದೆ. ಇದರ ಬಾಳಿಕೆ ಸುಮಾರು 3ರಿಂದ 5 ವರ್ಷ. ಪ್ಯಾನಲ್ ಮತ್ತು ಸೆನ್ಸರ್‌ಗಳು ಒಟ್ಟಾಗಿ 150 ಮಿಲಿ ಆಂಪಿಯರ್ ಬಳಸಿದರೆ, ಲೆಕ್ಕದ ಪ್ರಕಾರ ಹೊಸ ಬ್ಯಾಟರಿ 46 ಗಂಟೆ ಬರಬೇಕು. ಬ್ಯಾಟರಿ ಸಂಪೂರ್ಣ ಬರಿದಾಗಬಾರದಾದ್ದರಿಂದ ಹಾಗೂ ಕಾಲಕ್ರಮೇಣ ಅದರ ಶಕ್ತಿ ಕುಂದುವುದರಿಂದ 30 ಗಂಟೆ ಎಂದು ಹಿಡಿಯುವುದು ಕ್ಷೇಮ.

2018ರ ಆಗಸ್ಟ್ ತಿಂಗಳ ಭೂಕುಸಿತ ಮತ್ತು ಪ್ರವಾಹದ ಸಂದರ್ಭದಲ್ಲಿ ಜಿಲ್ಲೆಯ ಅನೇಕ ಗ್ರಾಮಗಳಿಗೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಸಾವಿರಾರು ಜನರು ಮನೆ ತೊರೆದು ಪರಿಹಾರ ಕೇಂದ್ರಗಳಲ್ಲಿದ್ದರು. ಮನೆ ಖಾಲಿ ಇರುವ ಅವಧಿ ಮತ್ತು ವಿದ್ಯುತ್ ಇಲ್ಲದ ಅವಧಿ ಒಂದೇ ಆಗಬಹುದೆಂಬುದಕ್ಕೆ ಇದು ನಿದರ್ಶನ. ಆದುದರಿಂದ ಮಳೆಗಾಲದಲ್ಲಿ ದೀರ್ಘಕಾಲ ವಿದ್ಯುತ್ ಕಡಿತವಾಗುವ ಗ್ರಾಮಗಳವರು ಹೆಚ್ಚು ಸಾಮರ್ಥ್ಯದ ಬ್ಯಾಟರಿಯನ್ನು, ಅದಕ್ಕೆ ತಕ್ಕ ಚಾರ್ಜರ್ ಸಹಿತ ಅಳವಡಿಸಿಕೊಳ್ಳುವುದು ಉಚಿತ. ಹಳೆಯ ಬ್ಯಾಟರಿಯನ್ನು ಕಸದೊಂದಿಗೆ ಎಸೆಯದೆ, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಆಶಯದಂತೆ ಮಾರಾಟಗಾರರಿಗೆ ಅಥವಾ ಅಧಿಕೃತ ಸಂಗ್ರಹಣಾ ಕೇಂದ್ರಕ್ಕೆ ಹಿಂದಿರುಗಿಸತಕ್ಕದ್ದು.

6. ಸುದ್ದಿ ಮುಟ್ಟಿಸುವ ಮಾರ್ಗ: ಎರಡನೆಯ ವೆಚ್ಚ

ಹಳೆಯ ಪ್ಯಾನಲ್‌ಗಳು ಸ್ಥಿರ ದೂರವಾಣಿಯ ಮೂಲಕ ಕರೆ ಮಾಡುತ್ತಿದ್ದವು. ದೂರವಾಣಿ ಸಂಪರ್ಕವನ್ನು ಹಿಂದಿರುಗಿಸಿದ್ದರೆ ಅಥವಾ ತಾಮ್ರದ ತಂತಿಯ ಬದಲಿಗೆ ಫೈಬರ್ ಬಂದಿದ್ದರೆ ಪ್ಯಾನಲ್ ಮೂಕವಾಗಿದೆಯೆಂದೇ ತಿಳಿಯಬೇಕು. ಫೈಬರ್ ಮೋಡೆಮ್‌ಗೆ ಪ್ರತ್ಯೇಕ ವಿದ್ಯುತ್ ಬೇಕಾಗುವುದರಿಂದ ಕರೆಂಟ್ ಹೋದೊಡನೆ ಆ ಮಾರ್ಗವೂ ನಿಲ್ಲುತ್ತದೆ.

ಇದಕ್ಕೆ ಪರ್ಯಾಯವಾಗಿ ಸಿಮ್ ಕಾರ್ಡ್ ಬಳಸುವ ಆಟೋ ಡಯಲರ್ ಅನ್ನು ಹಳೆಯ ಪ್ಯಾನಲ್‌ಗೆ ಜೋಡಿಸಬಹುದು. ಖರೀದಿಗೆ ಮುನ್ನ ಈ ಅಂಶಗಳನ್ನು ಗಮನಿಸುವುದು:

• ಅಗ್ಗದ ಡಯಲರ್‌ಗಳಲ್ಲಿ ಹಲವು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. 2016ರಲ್ಲಿ 4ಜಿಯಿಂದಲೇ ಆರಂಭಗೊಂಡ ಜಿಯೋ ಜಾಲದಲ್ಲಿ 2ಜಿ ಸೇವೆ ಇಲ್ಲವಾದುದರಿಂದ ಆ ಸಿಮ್ ಇವುಗಳಲ್ಲಿ ನಡೆಯದು. 4ಜಿ ಡಯಲರ್ ಆಯ್ಕೆ ಮಾಡಿಕೊಳ್ಳುವುದು ದೂರದೃಷ್ಟಿಯಿಂದ ಲೇಸು.
• ತೋಟದ ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಪ್ಯಾನಲ್ ಇರುವ ಜಾಗದಲ್ಲಿಯೇ ದೊರೆಯುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಅಗತ್ಯವಿದ್ದಲ್ಲಿ ಹೊರಗೆ ಆಂಟೆನಾ ಅಳವಡಿಸಬೇಕು.
• ಸಿಮ್ ಮನೆಯವರ ಹೆಸರಿನಲ್ಲಿಯೇ ಇರಬೇಕು. ವ್ಯಾಲಿಡಿಟಿ ಮುಗಿದ ಸಿಮ್‌ನಿಂದ ಕರೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಪರೀಕ್ಷಾ ಕರೆ ಮಾಡಿ ನೋಡುವುದು.
• ಕರೆ ಹೋಗುವ ಮೊದಲ ಸಂಖ್ಯೆ ಸಮೀಪದಲ್ಲಿರುವವರದಾಗಿರಬೇಕು. ವಿದೇಶದಲ್ಲಿರುವ ಮಗನ ಸಂಖ್ಯೆ ಕೊನೆಯಲ್ಲಿರಲಿ. ನೆರೆಯವರು, ರೈಟರು ಅಥವಾ ಲೈನ್‌ಮನೆಯಲ್ಲಿರುವ ನಂಬಿಕಸ್ಥರ ಸಂಖ್ಯೆ ಮೊದಲಿರಲಿ.

ವಿದ್ಯುತ್ ಬಹುಕಾಲ ಇಲ್ಲದಿದ್ದಾಗ ಮೊಬೈಲ್ ಟವರ್‌ಗಳೂ ಸ್ಥಗಿತವಾಗಬಹುದು. ಆದ್ದರಿಂದ ಹೊರಗೋಡೆಯ ಸೈರನ್ ಅನ್ನು ತೆಗೆಯಬಾರದು. ಅದು ನೆರೆಮನೆಯ ದಿಕ್ಕಿಗೆ ಮುಖಮಾಡಿರಲಿ; ಕೆಲವು ನಿಮಿಷಗಳ ನಂತರ ತಾನಾಗಿ ನಿಲ್ಲುವಂತಿರಲಿ.

7. ಮಳೆ, ಸಿಡಿಲು ಮತ್ತು ಸುಳ್ಳು ಎಚ್ಚರಿಕೆ

ಮಳೆಗಾಲದಲ್ಲಿ ಮರದ ಬಾಗಿಲುಗಳು ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತವೆ. ಇದರಿಂದ ಅಯಸ್ಕಾಂತ ಮತ್ತು ಸ್ವಿಚ್ ನಡುವಿನ ಅಂತರ ವ್ಯತ್ಯಾಸವಾಗಿ, ಯಾರೂ ಬಾರದಿದ್ದರೂ ಅಲಾರಂ ಕೂಗಬಹುದು. ಪಿಐಆರ್ ಸೆನ್ಸರ್‌ನ ಮೇಲೆ ಹರಿದಾಡುವ ಜೇಡ, ಹಲ್ಲಿಗಳಿಂದಲೂ ಹೀಗಾಗುತ್ತದೆ. "ಹುಲಿ ಬಂತು ಹುಲಿ" ಎಂದು ಸುಮ್ಮನೆ ಕೂಗಿದ ಹುಡುಗನ ಕಥೆ ಎಲ್ಲರಿಗೂ ತಿಳಿದಿದೆ. ಎರಡು ಬಾರಿ ಸುಳ್ಳು ಕೂಗಿದ ಸೈರನ್‌ಗೆ ಮೂರನೆಯ ಬಾರಿ ನೆರೆಯವರು ಏಳುವುದಿಲ್ಲ. ಆದುದರಿಂದ ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ಹಾಗೂ ಮಳೆ ನಿಂತ ಬಳಿಕ ಅಕ್ಟೋಬರ್‌ನಲ್ಲಿ, ವರ್ಷಕ್ಕೆ ಎರಡು ಬಾರಿ ಪ್ರತಿ ಬಾಗಿಲನ್ನೂ ತೆರೆದು ಪರೀಕ್ಷಿಸತಕ್ಕದ್ದು.

ಮುಂಗಾರಿಗೆ ಮುನ್ನ ಬರುವ ಗುಡುಗು ಮಳೆಯ ಸಿಡಿಲಿನಿಂದ ಪ್ಯಾನಲ್ ಸುಟ್ಟುಹೋಗುವ ಸಂಭವವಿದೆ. ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಅವಶ್ಯ. ಮನೆಯಿಂದ ಗೋದಾಮಿಗೆ ಕಂಬದ ಮೇಲೆ ಎಳೆದಿರುವ ಸೆನ್ಸರ್ ತಂತಿ ಸಿಡಿಲಿನ ಆಘಾತವನ್ನು ಮನೆಯೊಳಕ್ಕೆ ತರುತ್ತದೆ. ಆ ಭಾಗಕ್ಕೆ ಮಾತ್ರ ವೈರ್‌ಲೆಸ್ ಸೆನ್ಸರ್ ಬಳಸುವುದು ಉತ್ತಮ. ದಪ್ಪ ಗೋಡೆಗಳ ಹಳೆಯ ಮನೆಯೊಳಗೆ ತಂತಿಯೇ ಹೆಚ್ಚು ವಿಶ್ವಾಸಾರ್ಹ. ಪ್ರತಿ ಸೆನ್ಸರ್‌ಗೂ ಪ್ರತ್ಯೇಕ ಬ್ಯಾಟರಿ ಬದಲಿಸುವ ತೊಂದರೆಯೂ ಇರುವುದಿಲ್ಲ.

ಎಚ್ಚರಿಕೆ: ಬೇಲಿಗೆ, ಕಿಟಕಿಯ ಸರಳಿಗೆ ಅಥವಾ ಬಾಗಿಲಿಗೆ 230 ವೋಲ್ಟ್ ವಿದ್ಯುತ್ ಹರಿಸುವುದು ಕಾನೂನುಬಾಹಿರವಾಗಿದ್ದು, ಮನೆಯವರ, ಕಾರ್ಮಿಕರ ಹಾಗೂ ಪ್ರಾಣಿಗಳ ಜೀವಕ್ಕೆ ಎರವಾಗುತ್ತದೆ. ಯಾವುದೇ ಕಾರಣಕ್ಕೂ ಹೀಗೆ ಮಾಡತಕ್ಕದ್ದಲ್ಲ.

8. ಅಲಾರಂ ಕೂಗಿದಾಗ

ಮನೆಯೊಳಗಿರುವವರು ಹೊರಗೆ ಬರಬಾರದು. ಕಳ್ಳರ ಭಯವಷ್ಟೇ ಅಲ್ಲ, ಕಾಫಿ ತೋಟಗಳಲ್ಲಿ ರಾತ್ರಿ ಕಾಡಾನೆಗಳ ಸಂಚಾರವೂ ಇರುತ್ತದೆ. ಭದ್ರವಾದ ಕೋಣೆಯಲ್ಲಿದ್ದು, ಹೊರಗಿನ ದೀಪಗಳನ್ನು ಉರಿಸಿ, ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಗ್ರಾಮ, ತೋಟದ ಹೆಸರು, ತಿರುವಿನ ಗುರುತು ಇವುಗಳನ್ನು ಕಾಗದದಲ್ಲಿ ಬರೆದು ದೂರವಾಣಿಯ ಬಳಿ ಅಂಟಿಸಿಟ್ಟರೆ ಗಾಬರಿಯಲ್ಲಿಯೂ ದಾರಿ ಹೇಳಲು ಅನುಕೂಲ. ಕತ್ತಲಲ್ಲಿ ಕಂಡ ಆಕೃತಿಯತ್ತ ಕೋವಿ ಹಾರಿಸುವುದು ಅತ್ಯಂತ ಅಪಾಯಕರ. ಸಹಾಯಕ್ಕೆ ಬಂದ ನೆರೆಯವರೇ ಅದಕ್ಕೆ ಗುರಿಯಾಗಬಹುದು.

ಕಳ್ಳತನ ನಡೆದಿದ್ದಲ್ಲಿ ಪೊಲೀಸರು ಬರುವವರೆಗೆ ಯಾವ ವಸ್ತುವನ್ನೂ ಮುಟ್ಟಬಾರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173ರಂತೆ, ಕೃತ್ಯ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದ ಮಾಹಿತಿಗೆ 3 ದಿನಗಳೊಳಗೆ ಸಹಿ ಮಾಡಬೇಕು. ದಾಖಲಿಸಿದ ಮಾಹಿತಿಯ ಪ್ರತಿ ಉಚಿತವಾಗಿ ದೊರೆಯುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಟೋ ಡಯಲರ್‌ನಲ್ಲಿ 112 ಅನ್ನು ನೇರವಾಗಿ ನಮೂದಿಸಬಹುದೇ?
ಉತ್ತರ: ಸೂಕ್ತವಲ್ಲ. ಸುಳ್ಳು ಎಚ್ಚರಿಕೆಯಿಂದ ತುರ್ತು ಮಾರ್ಗಕ್ಕೆ ಅಡಚಣೆಯಾಗುತ್ತದೆ. ಕರೆ ಸ್ವೀಕರಿಸಿದ ವ್ಯಕ್ತಿ ವಿಚಾರಿಸಿಕೊಂಡು ಕೂಡಲೇ 112ಕ್ಕೆ ತಿಳಿಸುವುದು.

ಪ್ರಶ್ನೆ: ಸಿಸಿಟಿವಿ ಕ್ಯಾಮೆರಾ ಇದ್ದರೆ ಅಲಾರಂ ಬೇಕೇ?
ಉತ್ತರ: ಕ್ಯಾಮೆರಾ ನಡೆದುದನ್ನು ದಾಖಲಿಸುತ್ತದೆ; ಅಲಾರಂ ನಡೆಯುತ್ತಿರುವಾಗಲೇ ಎಚ್ಚರಿಸುತ್ತದೆ. ಒಂದು ಮತ್ತೊಂದಕ್ಕೆ ಪೂರಕ, ಪರ್ಯಾಯವಲ್ಲ.

ಪ್ರಶ್ನೆ: ಪ್ಯಾನಲ್ ಕೂಡ ಕೆಟ್ಟಿದ್ದರೆ?
ಉತ್ತರ: ಪ್ಯಾನಲ್ ಮಾತ್ರ ಬದಲಿಸಬಹುದು. ತಂತಿ ವಲಯಗಳಿಗೆ ಅವಕಾಶವಿರುವ ಹೊಸ ಪ್ಯಾನಲ್ ಕೇಳಿ ಪಡೆದಲ್ಲಿ ಹಳೆಯ ತಂತಿ ಹಾಗೂ ರೀಡ್ ಸ್ವಿಚ್‌ಗಳನ್ನು ಉಳಿಸಿಕೊಳ್ಳಬಹುದು. ಬಿಲ್ಲು ಮತ್ತು ವಾರಂಟಿ ಪತ್ರವನ್ನು ತಪ್ಪದೆ ಪಡೆಯತಕ್ಕದ್ದು.

ಪ್ರಶ್ನೆ: ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಠಾಣೆಗೆ ತಿಳಿಸುವುದು ಹೇಗೆ?
ಉತ್ತರ: ವ್ಯಾಪ್ತಿಯ ಪೊಲೀಸ್ ಠಾಣೆಗೆ ಬಿಳಿ ಹಾಳೆಯಲ್ಲಿ ಪತ್ರ ನೀಡಬಹುದು. ಮನೆಯ ವಿಳಾಸ, ಅಲ್ಲಿಗೆ ಹೋಗುವ ದಾರಿ, ಹೊರಡುವ ಹಾಗೂ ಹಿಂದಿರುಗುವ ದಿನಾಂಕ, ಕೀಲಿ ಇರುವವರ ಹೆಸರು ಮತ್ತು ದೂರವಾಣಿ ಸಂಖ್ಯೆ ಅದರಲ್ಲಿರಲಿ. ಮನೆಯಲ್ಲಿ ಅಲಾರಂ ಇದೆಯೆಂಬುದನ್ನೂ ನಮೂದಿಸುವುದು. ಸಂಕೇತ ಸಂಖ್ಯೆಯನ್ನು ಮಾತ್ರ ಯಾರಿಗೂ ಬರೆದುಕೊಡಬಾರದು.

10. ಉಪಸಂಹಾರ

ಹಳೆಯ ತಂತಿ ವ್ಯವಸ್ಥೆಯನ್ನು ಪುನಶ್ಚೇತನಗೊಳಿಸುವವರು ಮೊದಲು ಬ್ಯಾಟರಿ, ಅನಂತರ ಸುದ್ದಿ ಮುಟ್ಟಿಸುವ ಮಾರ್ಗ, ಕೊನೆಗೆ ಹೊಸ ಸೆನ್ಸರ್ ಎಂಬ ಕ್ರಮವನ್ನು ಅನುಸರಿಸಿದಲ್ಲಿ ಕಡಿಮೆ ವೆಚ್ಚದಲ್ಲಿ ಹೆಚ್ಚಿನ ರಕ್ಷಣೆ ದೊರೆಯುತ್ತದೆ. ಇದರೊಂದಿಗೆ, ಅಲಾರಂ ಕೂಗಿದಾಗ ಬರುವವರು ಯಾರು ಎಂಬುದನ್ನು ನೆರೆಹೊರೆಯವರೊಡನೆ ಮುಂಚಿತವಾಗಿಯೇ ಮಾತನಾಡಿ ನಿಶ್ಚಯಿಸಿಕೊಳ್ಳುವಂತೆ ಕೋರಲಾಗಿದೆ. ತುರ್ತು ಸಂದರ್ಭದಲ್ಲಿ 112, ವಿದ್ಯುತ್ ಸಂಬಂಧಿತ ದೂರುಗಳಿಗೆ 1912 ಸಂಖ್ಯೆಯನ್ನು ಸಂಪರ್ಕಿಸುವುದು. ಹೆಚ್ಚಿನ ವಿವರಗಳಿಗೆ ಸಮೀಪದ ಪೊಲೀಸ್ ಠಾಣೆಯಲ್ಲಿ ವಿಚಾರಿಸಬಹುದು.