ಸಿಗ್ನಲ್ ಬೇಡದ ಪಾಠ ಯಾವುದು?

ಪುಷ್ಯ ಮಳೆ ಹಿಡಿದರೆ ಮಾಸ್ತಿಕಟ್ಟೆಯಲ್ಲಿ ಎದುರು ಕೂತವರ ಮಾತೇ ಕೇಳುವುದಿಲ್ಲ. ಇನ್ನು ಮೊಬೈಲಿನೊಳಗಿನ ಟೀಚರ್ ಮಾತು ಕೇಳೀತೆ? 2021ರಲ್ಲಿ ನನ್ನ ಮಗಳು ಒಂದನೇ ಕ್ಲಾಸು. ಕೊರೊನಾದಿಂದ ನಿಂತಿದ್ದ ಒಂದರಿಂದ ಐದರವರೆಗಿನ ತರಗತಿ ಮತ್ತೆ ಶುರುವಾದದ್ದು ಅಕ್ಟೋಬರ್ 25ಕ್ಕೆ. ಅಲ್ಲಿಯವರೆಗೆ ಸರ್ಕಾರಿ ಶಾಲೆ ನಮ್ಮ ಮನೆಗೆ ಟಿವಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಪುಸ್ತಕದ ಕ್ಯೂಆರ್ ಕೋಡಿನಲ್ಲಿ ಬಂತು. ಮೂರೂ ಕೈಕೊಡುವ ರೀತಿ ಬೇರೆ ಬೇರೆ. ಅದು ಗೊತ್ತಿದ್ದರೆ ಈಗಿನ ಮಳೆ ರಜೆಗೂ ಉಪಯೋಗ.

ಚಂದನ ವಾಹಿನಿಯಲ್ಲಿ ಬರುತ್ತಿದ್ದ ‘ಸಂವೇದ’ ಪಾಠಕ್ಕೆ ಡಾಟಾ ಬೇಕಿರಲಿಲ್ಲ. ಆದರೆ ಡಿಶ್‌ಗೆ ಬರುವ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಅಷ್ಟೇ. ಜಡಿಮಳೆಯ ಹನಿಗಳು ಅದನ್ನು ಹೀರಿ, ಚದುರಿಸಿಬಿಡುತ್ತವೆ. ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಡಿಶ್ ತಿರುಗಿಸಲು ಪಾಚಿ ಕಟ್ಟಿದ ಮಾಡು ಹತ್ತಬೇಡಿ, ಮಳೆ ತಗ್ಗಿದರೆ ತಾನೇ ಬರುತ್ತದೆ.

ಮೊಬೈಲಿನ ಕಷ್ಟ ಹೆಚ್ಚಾಗಿ ಕರೆಂಟಿನದು. 460 ಮೆಗಾವಾಟಿನ ವಾರಾಹಿ ವಿದ್ಯುತ್ ಯೋಜನೆಯ ಕೆಪಿಸಿ (ಕರ್ನಾಟಕ ವಿದ್ಯುತ್ ನಿಗಮ) ಕಾಲೊನಿ ಇರುವ ಊರು ನಮ್ಮದು. ಆದರೂ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿತ್ತೋ, ಕತ್ತಲೆ. ಟವರ್ ಬ್ಯಾಟರಿ ಇರುವಷ್ಟು ಹೊತ್ತು ಸಿಗ್ನಲ್. ಕರೆಂಟು ಹೋದ ಕೂಡಲೇ ಟೀಚರ್ ಕಳಿಸಿದ ವಾಯ್ಸ್ ಮೆಸೇಜು ಇಳಿಸಿಕೊಂಡುಬಿಡಬೇಕು, ಅಡುಗೆ ಆಮೇಲೆ.

ನಮಗೆ ಒದಗಿದ್ದು ದೀಕ್ಷಾ ಆ್ಯಪ್. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ಸಿಗುತ್ತದೆ. ಮಬ್ಬು ಬೆಳಕಿಗೆ ಕ್ಯಾಮೆರಾ ಹಿಡಿಯದಿದ್ದರೆ ಕೆಳಗಿನ ಆರು ಅಕ್ಷರ ಟೈಪ್ ಮಾಡಿದರೂ ಆಯಿತು. ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋದ ದಿನ ನಾಲ್ಕಾರು ಪಾಠ ಡೌನ್‌ಲೋಡ್ ಮಾಡಿಟ್ಟರೆ ಮನೆಯಲ್ಲಿ ಸಿಗ್ನಲ್ ಇಲ್ಲದೆಯೂ ತೆರೆಯುತ್ತವೆ.

ತೆರೆದರೆ ಮುಗಿಯಲಿಲ್ಲ. ಬಿಸಿಯೂಟದ ಬದಲು ಶಾಲೆಯಿಂದ ಕೊಟ್ಟ ಅಕ್ಕಿಯನ್ನು ಮೊರದಲ್ಲಿ ಹರವಿ, ವಿಡಿಯೊ ನಿಲ್ಲಿಸಿ, ಬೆರಳಲ್ಲಿ ‘ರ’ ಬರೆಸುತ್ತಿದ್ದೆ.

“ಅಮ್ಮ, ಈ ಟೀಚರ್‌ಗೆ ನಾನು ಕಾಣ್ತೀನಾ?”

“ಇಲ್ಲ.”

“ಮತ್ಯಾಕೆ ಬರೀಬೇಕು?”

ನನ್ನ ಹತ್ತಿರ ಉತ್ತರವಿರಲಿಲ್ಲ. ಕೇಂದ್ರದ 2020ರ ‘ಪ್ರಜ್ಞಾತಾ’ ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30–45 ನಿಮಿಷದ ಎರಡು ಆನ್‌ಲೈನ್ ಅವಧಿ ಮೀರಬಾರದು ಎಂದಿತ್ತು. ಮೀರುವ ಮಾತೆಲ್ಲಿ, ಹದಿನೈದನೇ ನಿಮಿಷಕ್ಕೆ ಇವಳು ಜಗುಲಿಯಲ್ಲಿ ಇರುತ್ತಿದ್ದಳು. ಹಿಂದಿನ ವರ್ಷದ ‘ವಿದ್ಯಾಗಮ’ ಯೋಜನೆಯಲ್ಲಿ ಮೇಷ್ಟ್ರು ವಠಾರಕ್ಕೇ ಬರುತ್ತಿದ್ದರು. ಸಣ್ಣ ಮಕ್ಕಳಿಗೆ ಅದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಬರೆದದ್ದರ ಫೋಟೊ. ಅಕ್ಕಿಯ ‘ರ’ ವಾಟ್ಸ್‌ಆ್ಯಪ್‌ನಲ್ಲಿ ಶಾಲೆಯ ಟೀಚರ್‌ಗೆ ಹೋಗುತ್ತಿತ್ತು, ಅವಳ ಹೆಸರು ಹಿಡಿದು ಕರೆಯುವ ಹತ್ತು ಸೆಕೆಂಡಿನ ದನಿ ವಾಪಸ್ ಬರುತ್ತಿತ್ತು. ಸಿಗ್ನಲ್ ಇಲ್ಲವೆಂದು ಸುಮ್ಮನಿರಬೇಡಿ, ಕಳಿಸಿಬಿಡಿ. ಪಕ್ಕದಲ್ಲಿ ಗಡಿಯಾರದ ಗುರುತು ಹೊತ್ತು ಅದು ಕಾಯುತ್ತದೆ, ಟವರ್ ಬಂದಾಗ ತಾನೇ ಹೊರಡುತ್ತದೆ. ನಮ್ಮವು ಎಷ್ಟೋ ಸಲ ನಡುರಾತ್ರಿ ಹೊರಟಿವೆ.