ಸಂಗ್ರಹ ಮಿತವಾದರೆ ಅಡುಗೆಮನೆ ಹಿತ

ವಿಜಯಪುರ, ಬಾಗಲಕೋಟೆ, ಧಾರವಾಡ, ದಾವಣಗೆರೆ ಮೊದಲಾದ ಕಡೆಗಳಿಂದ ಉದ್ಯೋಗ, ವಿದ್ಯಾಭ್ಯಾಸ, ವ್ಯಾಪಾರಗಳ ನಿಮಿತ್ತ ಮಂಗಳೂರಿಗೆ ಬಂದು ನೆಲೆಸಿದ ಭಕ್ತರ ಕುಟುಂಬಗಳು ಹಲವು. ಬೇಸಿಗೆಯಲ್ಲಿ ಊರಿಗೆ ಹೋಗಿ ಮರಳುವಾಗ ಈ ಮನೆಗಳಿಗೆ ತವರಿನ ಪ್ರೀತಿ ಚೀಲಗಳ ರೂಪದಲ್ಲಿಯೇ ಬರುತ್ತದೆ. ಜೋಳ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ, ಒಣಮೆಣಸಿನಕಾಯಿ, ಸಂಡಿಗೆ, ಹಪ್ಪಳ ಎಲ್ಲವೂ ವರ್ಷಕ್ಕಾಗುವಷ್ಟು! ಅಡುಗೆಮನೆಯ ಅಟ್ಟ ತುಂಬುತ್ತದೆ, ಕಪಾಟು ತುಂಬುತ್ತದೆ, ಕೊನೆಗೆ ಒಲೆಯ ಪಕ್ಕದ ಕಟ್ಟೆಯೂ ತುಂಬುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತದೆ. ಜುಲೈ ಹೊತ್ತಿಗೆ ರೊಟ್ಟಿ ಮೆತ್ತಗಾಗಿ, ಹಿಂಡಿಗೆ ಮುಗ್ಗಲು ವಾಸನೆ ಬಂದು, ಹಿಂದಿನ ಸಾಲಿನ ಡಬ್ಬಿಗಳಲ್ಲಿ ಹುಳು ಕಾಣಿಸಿಕೊಳ್ಳುತ್ತದೆ. ಎಸೆಯಲು ಮನಸ್ಸು ಒಪ್ಪದು. ಅನ್ನವನ್ನು ಪ್ರಸಾದವೆಂದು ಕಾಣುವ ಸಂಸ್ಕಾರ ನಮ್ಮದು. ಆದ್ದರಿಂದ ಮೇಲಿನ ಬೂಷ್ಟನ್ನು ಕೆರೆದು ತೆಗೆದು, ಉಳಿದದ್ದನ್ನು ಹುರಿದು ತಿನ್ನುವುದು ಅನೇಕ ಮನೆಗಳಲ್ಲಿ ನಡೆದು ಬಂದಿದೆ.

ಅಡುಗೆಮನೆಯನ್ನು ಒಪ್ಪವಾಗಿಡುವುದು ಕೇವಲ ಅಂದಚೆಂದದ ವಿಷಯವಲ್ಲ, ಕುಟುಂಬದ ಆರೋಗ್ಯದ ವಿಷಯ ಎಂಬುದನ್ನು ಈ ಒಂದು ರೂಢಿಯಿಂದಲೇ ವಿಚಾರ ಮಾಡಬಹುದು.

ಬಯಲುಸೀಮೆಯ ಕ್ರಮ, ಕರಾವಳಿಯ ಹವೆ

ವರ್ಷದ ಧಾನ್ಯವನ್ನು ಒಮ್ಮೆಗೇ ಕೂಡಿಡುವುದು ಬಯಲುಸೀಮೆಯ ಹಿರಿಯರ ವಿವೇಕವಾಗಿತ್ತು. ಬರಗಾಲದ ನಾಡಿನಲ್ಲಿ ಅದು ಬದುಕುವ ದಾರಿ. ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಟ್ಟರೆ ಅದು ಕೆಡದೆ ಉಳಿಯುತ್ತಿತ್ತು. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಾತ್ರ, ಗಾಳಿ ಒಣಗಾಳಿ. ಮಂಗಳೂರಿನಲ್ಲಿ ಬೀಳುವ ಮಳೆ 3,500 ಮಿ.ಮೀ.ಗೂ ಮಿಗಿಲು. ಮಳೆಗಾಲದ ತಿಂಗಳುಗಳಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇಕಡಾ 85ರಿಂದ 90ರ ಆಸುಪಾಸಿನಲ್ಲಿರುತ್ತದೆ. ಅಂಥ ಗಾಳಿಗೆ ತೆರೆದಿಟ್ಟ ಒಣ ಪದಾರ್ಥ ತಾನಾಗಿಯೇ ನೀರನ್ನು ಹೀರಿಕೊಳ್ಳುತ್ತದೆ. ಧಾನ್ಯದಲ್ಲಿ ಶೇಕಡಾ 14ರ ಒಳಗೆ, ಶೇಂಗಾದಂಥ ಎಣ್ಣೆಕಾಳಿನಲ್ಲಿ ಶೇಕಡಾ 8ರ ಒಳಗೆ ತೇವವಿದ್ದರೆ ಮಾತ್ರ ಅವು ಸುರಕ್ಷಿತ. ಇಲ್ಲಿ ಆ ಗೆರೆ ದಾಟಲು ಹೆಚ್ಚು ದಿನ ಬೇಕಿಲ್ಲ.

ಕರಾವಳಿಯ ಹಿರಿಯರಿಗೆ ಇದು ತಿಳಿದಿತ್ತು. ಅವರು ಅಕ್ಕಿಯನ್ನು ಬೈಹುಲ್ಲಿನಿಂದ ಬಿಗಿದು ಮುಡಿ ಕಟ್ಟುತ್ತಿದ್ದರು. ಸೌದೆ ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಅದನ್ನು ಇಡುತ್ತಿದ್ದರು. ಹೊಗೆ ಮತ್ತು ಬಿಸಿ ಹುಳುವನ್ನೂ ತೇವವನ್ನೂ ದೂರವಿಡುತ್ತಿದ್ದವು. ಹಲಸಿನ ಸೊಳೆ, ಮಾವಿನ ಮಿಡಿಗಳನ್ನು ಒಣಗಿಸುವ ಬದಲು ಉಪ್ಪುನೀರಿನ ಭರಣಿಗೆ ಹಾಕುತ್ತಿದ್ದರು. ಇಂದಿನ ಬಹುಮಹಡಿ ಕಟ್ಟಡದ ಅಡುಗೆಮನೆಯಲ್ಲಿ ಹೊಗೆಯ ಅಟ್ಟವೂ ಇಲ್ಲ, ಬಯಲುಸೀಮೆಯ ಒಣಗಾಳಿಯೂ ಇಲ್ಲ. ಎರಡೂ ಇಲ್ಲದೆಡೆ ವರ್ಷದ ಸಂಗ್ರಹ ಮಾತ್ರ ಉಳಿದರೆ ರೋಗಕ್ಕೆ ನಾವೇ ಆಸನ ಹಾಕಿದಂತೆ.

ಕಣ್ಣಿಗೆ ಕಾಣದ ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ವಿಜ್ಞಾನಿಗಳು ಹುಡುಕುತ್ತ ಹೋದಾಗ ಅವುಗಳಿಗೆ ಹಾಕಿದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಶಿಲೀಂಧ್ರವೊಂದರ ವಿಷ ಪತ್ತೆಯಾಯಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದ ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಯಕೃತ್ತಿನ ತೊಂದರೆಯಿಂದ ಪ್ರಾಣ ಕಳೆದುಕೊಂಡರು.

ಈ ವಿಷದ ಮೂರು ಗುಣಗಳನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಮೊದಲನೆಯದು, ಶೇಂಗಾ, ಕೊಬ್ಬರಿ, ಮೆಕ್ಕೆಜೋಳ, ಒಣಮೆಣಸಿನಕಾಯಿಗಳಲ್ಲಿ ಇದು ಸುಲಭವಾಗಿ ಉಂಟಾಗುತ್ತದೆ. ಎರಡನೆಯದು, ಮನೆಯ ಒಲೆಯ ಬಿಸಿಗೆ ಇದು ಪೂರ್ಣವಾಗಿ ನಾಶವಾಗುವುದಿಲ್ಲ. ಆದ್ದರಿಂದ ಹುರಿದು ತಿಂದರೆ ದೋಷ ಹೋಯಿತೆಂದು ಭಾವಿಸುವುದು ತಪ್ಪು. ಮೂರನೆಯದು, ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ದೇಹವನ್ನು ಸೇರಿದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಬೂಷ್ಟು ಹಿಡಿದ ಹಿಂಡಿಯನ್ನು ಮನುಷ್ಯರು ತಿನ್ನದಿದ್ದರೂ ಹಸುವಿಗೆ ಹಾಕಿದರೆ ಪುಣ್ಯವೆಂದು ಕೆಲವರು ಎಣಿಸುತ್ತಾರೆ. ಅದೂ ಸಲ್ಲದು. ಹಸು ತಿಂದ ವಿಷದ ಒಂದಂಶ ಹಾಲಿನ ಮೂಲಕ ಮತ್ತೆ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ. ಬೂಷ್ಟು ಕಂಡ ಡಬ್ಬಿಯನ್ನು ಇಡಿಯಾಗಿ ತ್ಯಜಿಸುವುದೊಂದೇ ಸರಿಯಾದ ಮಾರ್ಗ.

ಹಾಗಾದರೆ ಪ್ರಸಾದವನ್ನು ಕೆಡಿಸಿದ ದೋಷ ಬರುವುದಿಲ್ಲವೇ ಎಂದು ಕೇಳಬಹುದು. ದೋಷವಿರುವುದು ಎಸೆಯುವ ದಿನದಲ್ಲಲ್ಲ, ಮಿತಿಮೀರಿ ತಂದ ದಿನದಲ್ಲಿ.

ಲಕ್ಕಮ್ಮನ ಅಡುಗೆಮನೆ

ಈ ಮಾತನ್ನು ನಮಗೆ ಹನ್ನೆರಡನೆಯ ಶತಮಾನದಲ್ಲಿಯೇ ಕಲಿಸಿದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಅಂದಂದಿನ ಅಗತ್ಯಕ್ಕೆ ಮೀರಿದ್ದನ್ನು ಇದ್ದಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಕಳುಹಿಸಿದಳೆಂಬುದು ಶರಣಚರಿತ್ರೆಯಲ್ಲಿ ಪ್ರಸಿದ್ಧ. ಬಡತನದಲ್ಲಿದ್ದೂ ಸಂಗ್ರಹವನ್ನು ನಿರಾಕರಿಸಿದ ಆ ಅಡುಗೆಮನೆಯಲ್ಲಿ ಕೆಡುವಂಥದ್ದೇನೂ ಉಳಿದಿರಲಾರದು. ಇಂದು ನಾವು ಒಬ್ಬರಿಗೊಬ್ಬರು ಹಂಚಿಕೊಳ್ಳದೆ ಕಪಾಟಿನಲ್ಲಿ ಕೂಡಿಟ್ಟದ್ದೇ ಹುಳುವಿನ ಪಾಲಾಗುತ್ತಿದೆ.

ಊರಿನಿಂದ ಬಂದ ಬುತ್ತಿ ಹೆಚ್ಚಾಗಿದ್ದರೆ ಬಂದ ವಾರದಲ್ಲಿಯೇ ನೆರೆಹೊರೆಗೆ ಹಂಚಬೇಕು, ಇಲ್ಲವೆ ಮಠದ ದಾಸೋಹಕ್ಕೆ ಸಲ್ಲಿಸಬೇಕು. ಆದರೆ ದಾಸೋಹಕ್ಕೆ ಕೊಡುವ ಪದಾರ್ಥ ನಮ್ಮ ತಟ್ಟೆಗೆ ನಾವೇ ಬಡಿಸಿಕೊಳ್ಳುವಂಥದ್ದಾಗಿರಬೇಕು. ಅವಧಿ ಮೀರಿದ್ದನ್ನು, ಹುಳು ಬಿದ್ದದ್ದನ್ನು ಕೊಟ್ಟು ಕೈ ತೊಳೆದುಕೊಳ್ಳುವುದು ದಾಸೋಹವಾಗದು.

ಮಳೆಗೆ ಮುನ್ನ ಮಾಡಬೇಕಾದ ಕೆಲಸ

ಮೇ ತಿಂಗಳ ಬಿಸಿಲು ಮುಗಿಯುವ ಮುನ್ನ ಅಡುಗೆಮನೆಯನ್ನು ಒಮ್ಮೆ ಪೂರ್ಣವಾಗಿ ಇಳಿಸಿ ನೋಡುವುದು ಒಳ್ಳೆಯದು. ಒಂದೇ ದಿನ ಎಲ್ಲವನ್ನೂ ಮಾಡಹೋದರೆ ದಣಿವಾಗಿ ಅರ್ಧಕ್ಕೆ ನಿಲ್ಲುತ್ತದೆ. ದಿನಕ್ಕೊಂದು ಕಪಾಟಿನಂತೆ ಒಂದು ವಾರವನ್ನು ಮೀಸಲಿಡಬೇಕು. ಇಳಿಸಿದ್ದನ್ನು ಮೂರು ಭಾಗ ಮಾಡಬೇಕು: ನಿತ್ಯ ಬಳಸುವಂಥವು, ಬೇರೆಯವರಿಗೆ ಉಪಯೋಗವಾಗುವಂಥವು, ತ್ಯಜಿಸಬೇಕಾದವು. ಮದುವೆ, ಗೃಹಪ್ರವೇಶಗಳಲ್ಲಿ ಬಂದು ಹತ್ತು ವರ್ಷಗಳಿಂದ ಪೆಟ್ಟಿಗೆ ಬಿಚ್ಚದ ಪಾತ್ರೆಗಳು ಎರಡನೆಯ ಭಾಗಕ್ಕೆ ಸೇರುತ್ತವೆ. ಒಡೆದ ಮುಚ್ಚಳದ ಡಬ್ಬಿ, ಸವೆದ ಪ್ಲಾಸ್ಟಿಕ್ ಬಾಟಲಿ, ಗೀರುಬಿದ್ದ ಅಂಟದ ಬಾಣಲೆಗಳು ಮೂರನೆಯದಕ್ಕೆ. ಬರಿದಾದ ಕಪಾಟನ್ನು ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ತುಂಬಬೇಕು.

ಮರಳಿ ಜೋಡಿಸುವಾಗ ಪಾಲಿಸಬೇಕಾದ ಕ್ರಮ ಇದು:

ಜೋಳ, ಗೋಧಿಗಳನ್ನು ಕಾಳಿನ ರೂಪದಲ್ಲಿಯೇ ಇಟ್ಟು ಹದಿನೈದು ದಿನಕ್ಕಾಗುವಷ್ಟನ್ನು ಮಾತ್ರ ಹಿಟ್ಟು ಮಾಡಿಸಬೇಕು. ಹಿಟ್ಟಾದ ಮೇಲೆ ಅದರ ಕೊಬ್ಬಿನಂಶ ಗಾಳಿಗೆ ಕಮಟಾಗಿ ಜೋಳದ ಹಿಟ್ಟು ಬೇಗನೆ ಕಹಿಯಾಗುತ್ತದೆ.

ಶೇಂಗಾ ಹಿಂಡಿ, ಅಗಸಿ ಪುಡಿ, ಕೊಬ್ಬರಿಗಳನ್ನು ಸಣ್ಣ ಗಾಜಿನ ಬಾಟಲಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿ ಇಡಬೇಕು. ಒಂದು ಬಾಟಲಿ ಮುಗಿದ ಮೇಲೆ ಇನ್ನೊಂದನ್ನು ತೆರೆಯಬೇಕು. ಒದ್ದೆ ಚಮಚ ತಾಗಿಸಬಾರದು.

ಪ್ರತಿ ಡಬ್ಬಿಯ ಮೇಲೆ ತುಂಬಿದ ದಿನಾಂಕ ಬರೆದ ಚೀಟಿ ಇರಬೇಕು. ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇಡಬೇಕು. ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವನ್ನು ಬಿಡಬೇಕು. ತಳದ ಹುಳು ಮೇಲಿನದಕ್ಕೂ ಹಬ್ಬುತ್ತದೆ.

ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಬೀಜಗಳು ಅನ್ನದಲ್ಲಿರುತ್ತವೆ. ಮಂಗಳೂರಿನ ಸೆಕೆಯಲ್ಲಿ ಅವು ಬೇಗ ವೃದ್ಧಿಯಾಗಿ ವಾಂತಿಭೇದಿ ತರುತ್ತವೆ.

ಫಿನಾಯಿಲ್, ಜಿರಲೆಯ ಔಷಧ, ಇಲಿಪಾಷಾಣಗಳು ಅಡುಗೆಯ ಕಪಾಟಿನಲ್ಲಿ ಇರಲೇಬಾರದು. ಕುಡಿಯುವ ನೀರಿನ ಬಾಟಲಿಯಲ್ಲಿ ಅವನ್ನು ತುಂಬಿಡುವುದು ಮಕ್ಕಳ ಪ್ರಾಣಕ್ಕೆ ಎರವಾಗುತ್ತದೆ.

ಕೈಗೆ ಸಿಗುವ ಕ್ರಮ

1926ರಲ್ಲಿ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಶ್ರಮಿಕರ ಮನೆಗಳಿಗಾಗಿ ಪುಟ್ಟ ಅಡುಗೆಮನೆಯೊಂದನ್ನು ರೂಪಿಸಿದರು. ರೈಲಿನ ಭೋಜನದ ಬೋಗಿಯಲ್ಲಿ ಕಿರಿದಾದ ಜಾಗದಲ್ಲಿಯೇ ನೂರಾರು ಜನರಿಗೆ ಅಡುಗೆ ಮಾಡುವುದನ್ನು ಕಂಡು ಅವರು ಈ ವಿನ್ಯಾಸಕ್ಕೆ ಪ್ರೇರಣೆ ಪಡೆದರು. ಪ್ರತಿ ವಸ್ತು ಬಳಸುವ ಜಾಗದ ಪಕ್ಕದಲ್ಲಿಯೇ ಇದ್ದರೆ ಅಡುಗೆ ಮಾಡುವವರ ನಡಿಗೆ, ಬಾಗುವಿಕೆ, ದಣಿವು ಕಡಿಮೆಯಾಗುತ್ತದೆ ಎಂಬುದು ಅದರ ತಿರುಳು. ಅಡುಗೆಮನೆ ದೊಡ್ಡದಾಗಿರಬೇಕಿಲ್ಲ, ಕ್ರಮವಾಗಿದ್ದರೆ ಸಾಕು. ಒಗ್ಗರಣೆಯ ಸಾಮಗ್ರಿ ಒಲೆಯ ಬಳಿ, ತಟ್ಟೆ ಲೋಟಗಳು ತೊಳೆಯುವ ಜಾಗದ ಬಳಿ, ಭಾರದ ಪಾತ್ರೆಗಳು ಸೊಂಟದ ಎತ್ತರಕ್ಕಿಂತ ಕೆಳಗೆ ಇರಲಿ. ವಯಸ್ಸಾದ ತಾಯಂದಿರು ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿ ಇಳಿಸುವ ಪ್ರಸಂಗವೇ ಬರಬಾರದು. ಆ ಒಂದು ಬೀಳುವಿಕೆಯಿಂದ ಸೊಂಟದ ಮೂಳೆ ಮುರಿದರೆ ಉಳಿದ ಆಯುಷ್ಯ ಹಾಸಿಗೆಯ ಪಾಲಾಗಬಹುದು.

ಗ್ಯಾಸ್ ಸಿಲಿಂಡರಿನ ಸುತ್ತ ಹಳೆಯ ಪತ್ರಿಕೆ, ಚೀಲ, ತೆಂಗಿನಕಾಯಿಗಳನ್ನು ಪೇರಿಸಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡುತ್ತದೆ. ಅಲ್ಲಿ ಗಾಳಿಯಾಡಲು ಎಡೆಯಿರಬೇಕು. ವಾಸನೆ ಬಂದರೆ ವಿದ್ಯುತ್ ಗುಂಡಿಯನ್ನು ಮುಟ್ಟದೆ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಬೇಕು.

ಹೊಸಿಲಿನಾಚೆಗೂ ನಮ್ಮ ಹೊಣೆ

2019ರ ಮಳೆಗಾಲವನ್ನು ಮಂಗಳೂರಿಗರು ಮರೆತಿರಲಾರರು. ಜುಲೈಯಲ್ಲಿ ನಗರ ಡೆಂಗಿ ಜ್ವರದಿಂದ ತತ್ತರಿಸಿತು. ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ರಾಶಿ ಭಾರೀ ಮಳೆಗೆ ಕುಸಿದು ಕೆಳಗಿನ ಮಂದಾರ ಪ್ರದೇಶದ ಮನೆಗಳ ಮತ್ತು ತೆಂಗು, ಅಡಿಕೆ ತೋಟಗಳ ಮೇಲೆ ಹರಿಯಿತು. ಅಲ್ಲಿನ ಕುಟುಂಬಗಳು ಬಾಳಿ ಬದುಕಿದ ಮನೆಗಳನ್ನು ತೊರೆಯಬೇಕಾಯಿತು. ಆ ರಾಶಿಯಲ್ಲಿ ನಗರದ ಪ್ರತಿ ಅಡುಗೆಮನೆಯ ಪಾಲೂ ಇತ್ತು. ನಾವು ನಮ್ಮ ಕಪಾಟನ್ನು ಬರಿದು ಮಾಡಿ ಬೇರೆಯವರ ಅಂಗಳವನ್ನು ತುಂಬಿಸಿದರೆ ಅದು ಶುಚಿತ್ವವೆನಿಸದು. ಹಸಿ ಕಸ, ಒಣ ಕಸ ಮೊದಲಾದವುಗಳನ್ನು ಮನೆಯಲ್ಲಿಯೇ ಬೇರ್ಪಡಿಸಿ ಕೊಡುವುದು ಘನತ್ಯಾಜ್ಯ ನಿಯಮಗಳ ಆದೇಶ; ಶರಣರ ಭಾಷೆಯಲ್ಲಿ ಹೇಳುವುದಾದರೆ ಅದು ಸಮಾಜಕ್ಕೆ ಸಲ್ಲಿಸುವ ಜಂಗಮಸೇವೆ. ಹಸಿ ಕಸವನ್ನು ಕುಂಡದಲ್ಲಿ ಗೊಬ್ಬರವಾಗಿಸಿದರೆ ಇನ್ನೂ ಉತ್ತಮ.

ಡೆಂಗಿಯ ಬೇರೂ ಮನೆಯಲ್ಲಿಯೇ ಇರಬಹುದು. ಫ್ರಿಜ್ಜಿನ ಹಿಂಬದಿಯ ನೀರಿನ ತಟ್ಟೆ, ಬಾಲ್ಕನಿಯಲ್ಲಿ ಬಿಸಾಡಿದ ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ಕೊಡ ಇವೆಲ್ಲ ಸೊಳ್ಳೆಯ ತೊಟ್ಟಿಲುಗಳು. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ಇವನ್ನು ಬರಿದು ಮಾಡಿ ಉಜ್ಜಿದರೆ ಆ ಸರಪಳಿ ತುಂಡಾಗುತ್ತದೆ. ಚೆಲ್ಲಿದ ಕಾಳು, ತೊಳೆಯದ ಪಾತ್ರೆಗಳು ಇಲಿಯನ್ನು ಕರೆಯುತ್ತವೆ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಹರಡುತ್ತದೆ. ರಾತ್ರಿ ಮಲಗುವ ಮುನ್ನ ಕಟ್ಟೆ ಒರೆಸಿ, ಪಾತ್ರೆ ತೊಳೆದು, ಕಸದ ಬುಟ್ಟಿ ಮುಚ್ಚಿಡುವ ಹತ್ತು ನಿಮಿಷದ ಕೆಲಸ ಇವೆಲ್ಲಕ್ಕೂ ತಡೆ.

ಈ ಕೆಲಸ ಮನೆಯ ತಾಯಿಯೊಬ್ಬಳದೆಂದು ಯಾರೂ ಭಾವಿಸಬಾರದು. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಶರಣರು ಮಾಡಲಿಲ್ಲ. ಉಂಡ ತಟ್ಟೆಯನ್ನು ತೊಳೆದಿಡುವುದರಿಂದ ಮಕ್ಕಳಿಗೂ, ಡಬ್ಬಿಯ ಚೀಟಿ ಬರೆಯುವುದರಿಂದ ಹಿರಿಯರಿಗೂ ಇದರಲ್ಲಿ ಪಾಲು ದೊರೆಯಲಿ. ಮುಂದಿನ ಸಲ ಊರಿನಿಂದ ಹೊರಡುವಾಗ ತಾಯಿ ಇನ್ನೊಂದು ಚೀಲವನ್ನು ಕಟ್ಟತೊಡಗಿದರೆ ಪ್ರೀತಿಯಿಂದಲೇ ತಡೆದು, ಎರಡು ತಿಂಗಳಿಗಾಗುವಷ್ಟು ಸಾಕು, ಮುಗಿದಾಗ ಮತ್ತೆ ಬರುತ್ತೇವೆ ಎಂದು ಹೇಳೋಣ. ಹಿಂಡಿಯೂ ಹೊಸದಾಗಿ ಸಿಗುತ್ತದೆ, ತಾಯಿಯ ಮುಖವನ್ನೂ ಇನ್ನೊಮ್ಮೆ ಕಂಡಂತಾಗುತ್ತದೆ.