ಕಾಯ ಉಳಿದರೆ ಕಾಯಕ: ಗಾಯಗೊಂಡ ಶಿಕ್ಷಕರೂ ರಸ್ತೆ ಸುರಕ್ಷತೆಯ ಪಾಠವೂ

ಕಾಯಕ ಎಂಬ ಪದದೊಳಗೆ ಕಾಯ ಎಂಬ ಪದ ಅಡಗಿದೆ. ಶರಣರು ದುಡಿಮೆಗೆ ಆ ಹೆಸರನ್ನಿತ್ತಾಗ ಶರೀರವನ್ನು ತುಚ್ಛವೆಂದು ಬಗೆಯಲಿಲ್ಲ. ಸತ್ಕಾರ್ಯದ ಸಾಧನವೆಂದು ಗೌರವಿಸಿದರು. ಅಂಥ ಕಾಯವು ಕ್ಷಣಮಾತ್ರದ ಅಜಾಗರೂಕತೆಯಿಂದ ರಸ್ತೆಯ ಮೇಲೆ ಜರ್ಜರಿತವಾಗುವುದನ್ನು ನಾವು ಮತ್ತೆ ಮತ್ತೆ ಕಾಣುತ್ತಿದ್ದೇವೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು, 4,43,366 ಮಂದಿ ಗಾಯಗೊಂಡರು ಎಂದು ಕೇಂದ್ರ ಸರ್ಕಾರದ ವರದಿ ತಿಳಿಸಿದೆ. ಮೃತರಿಗಾಗಿ ಮರುಗುತ್ತೇವೆ. ಗಾಯಗೊಂಡು ಬದುಕುಳಿದವರ ಮುಂದಿನ ದಿನಗಳ ಕುರಿತು ಯೋಚಿಸುವುದು ಮಾತ್ರ ವಿರಳ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಬೆಳಗ್ಗೆ ದ್ವಿಚಕ್ರ ವಾಹನವೇರಿ ಕಾಡಂಚಿನ ಹಳ್ಳಿಯ ಶಾಲೆಗೆ ಹೋಗಿ ಸಂಜೆ ಮರಳುವ ಶಿಕ್ಷಕ ಶಿಕ್ಷಕಿಯರಿದ್ದಾರೆ. ಅವರಲ್ಲೊಬ್ಬರು ಹಾಸಿಗೆ ಹಿಡಿದರೆ ಒಂದು ಮನೆ ಮಾತ್ರವಲ್ಲ, ಒಂದು ಶಾಲೆಯೂ ನರಳುತ್ತದೆ. ಅದೇ ಶಿಕ್ಷಕರು ಚೇತರಿಸಿಕೊಂಡು ಮಕ್ಕಳ ಮುಂದೆ ನಿಂತರೆ ಅವರ ಒಂದು ಮಾತು ನೂರು ಫಲಕಗಳಿಗಿಂತ ಹೆಚ್ಚು ನಾಟುತ್ತದೆ. ಆ ಚೇತರಿಕೆಗೆ ಏನೇನು ಬೇಕು, ಅದರಲ್ಲಿ ನಮ್ಮ ಪಾತ್ರವೇನು ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಒಂದು ಹೆದ್ದಾರಿ, ಒಬ್ಬ ವೈದ್ಯರು

ಬೆಂಗಳೂರಿನಿಂದ ಹೊರಟ 948ನೇ ರಾಷ್ಟ್ರೀಯ ಹೆದ್ದಾರಿಯು ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರಗಳನ್ನು ಹಾದು, ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಕೊಯಮತ್ತೂರನ್ನು ಸೇರುತ್ತದೆ. ಆ ಕೊಯಮತ್ತೂರಿನಲ್ಲಿ ಡಾ. ಎಸ್. ರಾಜಶೇಖರನ್ ಎಂಬ ಮೂಳೆ ಶಸ್ತ್ರಚಿಕಿತ್ಸಕರಿದ್ದಾರೆ. ಅಪಘಾತಕ್ಕೀಡಾದವರಿಗೆ ಚಿಕಿತ್ಸೆ ನೀಡುವುದೇ ಅವರ ಕಾಯಕ. ಆದರೆ ಮುರಿದ ಮೂಳೆಯನ್ನು ಜೋಡಿಸಿದರೆ ಸಾಲದು, ಮುರಿಯದಂತೆ ತಡೆಯಬೇಕೆಂದು ಅವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅದರ ಫಲವಾಗಿ 2014ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ರಸ್ತೆ ಸುರಕ್ಷತಾ ಸಮಿತಿ ರಚನೆಯಾಯಿತು. ಅಪಘಾತವಾದ ಮೊದಲ ಗಂಟೆಯಲ್ಲಿಯೇ ನಗದುರಹಿತ ಚಿಕಿತ್ಸೆ ದೊರೆಯುವಂತೆ ಯೋಜನೆ ರೂಪಿಸಬೇಕೆಂದು 2025ರ ಜನವರಿಯಲ್ಲಿ ನ್ಯಾಯಾಲಯವು ಕೇಂದ್ರಕ್ಕೆ ಆದೇಶಿಸಿದ್ದೂ ಇದೇ ಪ್ರಕರಣದಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಯೋಜನೆ ಜಾರಿಗೆ ಬಂದಿತು. ಅದರನ್ವಯ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಗರಿಷ್ಠ 1.5 ಲಕ್ಷ ರೂಪಾಯಿಯ ಚಿಕಿತ್ಸೆ ಲಭ್ಯ.

ನಮ್ಮ ರಾಜ್ಯದಲ್ಲಿ ಇದಕ್ಕೂ ಮುಂಚೆಯೇ ಇಂಥದೊಂದು ಹೆಜ್ಜೆ ಇಡಲಾಗಿತ್ತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿ ಅಪಘಾತದಲ್ಲಿ ದೇಹ ಇಬ್ಭಾಗವಾದ ಯುವಕ ಹರೀಶ್, ಪ್ರಾಣ ಹೋಗುವ ಮುನ್ನ ತನ್ನ ಅಂಗಾಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡರು. ಆ ಹೆಸರಿನಲ್ಲೇ ಸರ್ಕಾರವು ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ನೆರವು ಒದಗಿಸಿತು. ಸಾಯುವ ಗಳಿಗೆಯಲ್ಲೂ ಪರರನ್ನು ನೆನೆದ ಆ ಯುವಕನ ದಾಸೋಹಭಾವ ಸ್ಮರಣೀಯ.

ಮೊದಲ ಗಂಟೆ

ಗಾಯಾಳು ಶಿಕ್ಷಕರು ಮುಂದೆ ಪಾಠ ಹೇಳುವರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಮೊದಲ ಗಂಟೆಯಲ್ಲೇ ನಿರ್ಧಾರವಾಗುತ್ತದೆ. ಆಗ ಅವರ ಬಳಿ ಇರುವವರು ವೈದ್ಯರಲ್ಲ, ದಾರಿಹೋಕರಾದ ನಾವು. ಪೊಲೀಸ್ ಠಾಣೆ, ಕೋರ್ಟು ಅಲೆದಾಟದ ಭಯದಿಂದ ಅನೇಕರು ಹಿಂಜರಿಯುತ್ತಾರೆ. ಈ ಭಯಕ್ಕೆ ಈಗ ಆಧಾರವಿಲ್ಲ. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134-ಎ ಕಲಮು ಅದೇ ರಕ್ಷಣೆಯನ್ನು ದೃಢಪಡಿಸಿತು. ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ.

ಮಾಡಬೇಕಾದದ್ದು ಸರಳ. 108 ಅಥವಾ 112ಕ್ಕೆ ಕರೆ ಮಾಡಬೇಕು. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು. ಕುತ್ತಿಗೆಯನ್ನು, ಬೆನ್ನನ್ನು ತಿರುಚಬಾರದು. ಕೈಕಾಲು ಹಿಡಿದೆತ್ತಿ ಆಟೋದೊಳಗೆ ಮಡಚಿ ಕೂರಿಸುವುದು ಬೆನ್ನುಹುರಿಗೆ ಆಪತ್ತು ತರಬಲ್ಲದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ನೀರು ಕುಡಿಸುವುದು ನಮ್ಮವರ ಸಹಜ ಕರುಣೆ. ಆದರೆ ಆ ನೀರು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಎರವಾಗಬಹುದು. ಕರುಣೆಗೂ ತಿಳಿವಳಿಕೆಯ ಬೆಂಬಲ ಬೇಕು.

ಚೇತರಿಕೆಯ ದೀರ್ಘ ಹಾದಿ

ಮೂಳೆ ಕೂಡಲು ತಿಂಗಳುಗಳು ಬೇಕು. ಮಿದುಳಿಗೆ ಪೆಟ್ಟಾದರೆ ಗಾಯ ಮಾಯ್ದಂತೆ ಕಂಡ ಮೇಲೂ ಮರೆವು, ಬೇಗನೆ ಬಳಲಿಕೆ, ಕಾರಣವಿಲ್ಲದ ಸಿಟ್ಟು, ಮಾತಿನ ತೊಡಕು ಉಳಿಯಬಹುದು. ಮಾತೇ ಬಂಡವಾಳವಾದ ಶಿಕ್ಷಕರಿಗೆ ಇದು ಎಂಥ ಯಾತನೆಯೆಂಬುದನ್ನು ಮನೆಯವರು ಅರಿಯಬೇಕು. ಮೊದಲಿನಂತಿಲ್ಲ ಎಂದು ದೂರುವುದಕ್ಕಿಂತ ಚಿಕಿತ್ಸೆಯನ್ನು ಮುಂದುವರಿಸುವುದು ಮುಖ್ಯ. ಮಾತಿನ ಮರುತರಬೇತಿಗಾಗಿ ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಸಂಸ್ಥೆ.

ಇನ್ನೊಂದು ಆತಂಕ ಉದ್ಯೋಗದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೊಳಗಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಿಂದಿನ ಹುದ್ದೆ ಹೊಂದದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ನೀಡಬೇಕು. ಈ ಹಕ್ಕನ್ನು ತಿಳಿಯದೆ ಎಷ್ಟು ಕುಟುಂಬಗಳು ಧೃತಿಗೆಡುವುವೋ! ಊರಿನ ತಿಳಿದವರು ಇದನ್ನು ಅವರಿಗೆ ತಿಳಿಸಿಕೊಡಬೇಕು.

ಊರುಗೋಲಿನೊಡನೆ ಬಂದ ಪಾಠ

ಊರುಗೋಲು ಹಿಡಿದು ತರಗತಿಗೆ ಮರಳಿದ ಗುರುವಿನ ಮುಂದೆ ಮಕ್ಕಳು ನಿಶ್ಶಬ್ದರಾಗುತ್ತಾರೆ. ಆ ನಿಶ್ಶಬ್ದವೇ ಪಾಠಕ್ಕೆ ಹದವಾದ ನೆಲ. ಅಂಥವರನ್ನು ಅನುಕಂಪದ ವಸ್ತುವಾಗಿಸದೆ, ಅವರು ಬಯಸಿದಲ್ಲಿ, ಶಾಲೆಗಳಲ್ಲೂ ಜಾತ್ರೆ ಉತ್ಸವಗಳ ವೇದಿಕೆಯಲ್ಲೂ ಮಾತನಾಡಲು ಆಹ್ವಾನಿಸಬೇಕು. ಅವರು ಹೇಳಬಹುದಾದ ಮಾತುಗಳಾದರೂ ಕೆಲವೇ.

ಮೊದಲನೆಯದು ಹೆಲ್ಮೆಟ್. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು, ಹೆಲ್ಮೆಟ್ ಧರಿಸಿದವರಲ್ಲಿ ತಲೆಗಾಯದ ಸಂಭವ ಶೇ. 69ರಷ್ಟು, ಸಾವಿನ ಸಂಭವ ಶೇ. 42ರಷ್ಟು ತಗ್ಗುತ್ತದೆಂದು ಕಂಡಿದೆ. ಹಿಂಬದಿ ಸವಾರರಿಗೂ ಇದು ಅಷ್ಟೇ ಅಗತ್ಯ. ರಾಷ್ಟ್ರಪ್ರಶಸ್ತಿ ಪುರಸ್ಕೃತ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕಿನ ಹಿಂಬದಿಯಲ್ಲಿ ಕುಳಿತಿದ್ದಾಗಲೇ ತಲೆಗೆ ಪೆಟ್ಟಾಗಿ ಅಗಲಿದರು. ಪಟ್ಟಿ ಬಿಗಿಯದೆ ತಲೆಯ ಮೇಲಿಟ್ಟ ಹೆಲ್ಮೆಟ್ ದಂಡವನ್ನು ತಪ್ಪಿಸೀತು, ಪೆಟ್ಟನ್ನಲ್ಲ.

ಎರಡನೆಯದು, ಅಪ್ರಾಪ್ತರ ಕೈಗೆ ಬೈಕಿನ ಕೀಲಿ ಕೊಡದಿರುವುದು. ಅವರು ಅಪಘಾತವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ದಂಡಕ್ಕಿಂತ ದೊಡ್ಡದು ಮಗುವಿನ ಜೀವ.

ಮೂರನೆಯದು ನಮ್ಮ ನೆಲದ ಮಾತು. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಭಕ್ತಸಮೂಹ ಇರುಳಿನಲ್ಲೂ ನಡೆಯುತ್ತದೆ. ಕಾಲುದಾರಿಯಿಲ್ಲದ ಕಡೆ ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಬೇಕು. ತಿಳಿಬಣ್ಣದ ಉಡುಪು, ಕೈಯಲ್ಲೊಂದು ಟಾರ್ಚ್ ಇರಬೇಕು. ದಣಿದಾಗ ರಸ್ತೆಯ ಅಂಚಿನಲ್ಲೇ ಒರಗಬಾರದು. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುವುದು ರೈತಬಾಂಧವರು ಸ್ವಲ್ಪ ಖರ್ಚಿನಲ್ಲಿ ಮಾಡಬಹುದಾದ ಪುಣ್ಯಕಾರ್ಯ.

ಯಾತ್ರೆ ಹೊರಟವರು ಸುಕ್ಷೇಮವಾಗಿ ಮನೆ ಸೇರಿದಾಗಲೇ ಯಾತ್ರೆ ಪೂರ್ಣವಾಗುತ್ತದೆ. ಶಾಲೆಗೆ ಹೋದ ಗುರುಗಳೂ ಹಾಗೆಯೇ ಸಂಜೆ ಮನೆ ಸೇರಲಿ. ಇಂದು ವಾಹನವೇರುವ ಮುನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತೇವೆ, ದಾರಿಯಲ್ಲಿ ಬಿದ್ದವರನ್ನು ಕಂಡರೆ ನಿಲ್ಲುತ್ತೇವೆ: ಈ ಎರಡು ಸಂಕಲ್ಪಗಳನ್ನು ಭಕ್ತರೆಲ್ಲರೂ ಕೈಗೊಳ್ಳಬೇಕೆಂದು ಆಶಿಸುತ್ತೇವೆ. ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಎಲ್ಲ ಗುರುಗಳಿಗೂ ಶರಣು ಶರಣಾರ್ಥಿ.